ಎರಡು ಶನಿವಾರ, ಒಂದು ಜಾಡಿ ಮಿಡಿ

ನೀವು ಬದುಕಿದ್ದೀರಿ ಎಂಬುದಕ್ಕೆ ಪುರಾವೆ ಕೊಡಿ ಎಂದು ಬ್ಯಾಂಕಿನವರು ಕೇಳಿದಾಗ ನಾನು ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಆ ನವೆಂಬರಿನಲ್ಲಿ ನಾನು ಪೆರು ದೇಶದ ಬೆಟ್ಟಗಳಲ್ಲಿ ಏದುಸಿರು ಬಿಡುತ್ತಿದ್ದೆ, ನೆನಪಾಗಲಿಲ್ಲ. ಡಿಸೆಂಬರಿನಿಂದ ಪಿಂಚಣಿ ನಿಂತಿತ್ತು. ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕಂತೆ, ಆದರೆ ಅದಕ್ಕೆ ಮೊದಲು ಒಂದು ಗುಪ್ತ ಸಂಖ್ಯೆ ಮೊಬೈಲಿಗೆ ಬರಬೇಕು. ರೀಚಾರ್ಜ್ ಮಾಡದೆ ಬಿಟ್ಟಿದ್ದ ನನ್ನ ಹಳೆಯ ಸಂಖ್ಯೆಗೆ ಫೋನ್ ಮಾಡಿದರೆ ಯಾರೋ ಹುಡುಗ ಎತ್ತಿಕೊಂಡು, ಇದು ತನ್ನ ಸಂಖ್ಯೆ ಎಂದ. ಭೂಮಿಯನ್ನು ಒಂದು ಸುತ್ತು ಹಾಕಿ ಬಂದವನಿಗೆ ಸ್ವಂತ ಊರಿನಲ್ಲಿ ಸಿಕ್ಕ ಮೊದಲ ಸ್ವಾಗತ ಅದು.

ಸ್ವಂತ ಊರು ಎಂದೆನೇ? ಅದೂ ಸ್ವಲ್ಪ ತಕರಾರಿನ ಮಾತೇ. ನನ್ನ ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಇಪ್ಪತ್ತೇಳು ವರ್ಷಗಳಿಂದ ಹೀಗೆಯೇ. ಹೊರನಾಡಿನಲ್ಲಿರುವವನು ಲೋಕ ಸುತ್ತಿ ಬಂದರೆ ಎರಡು ಸಲ ಹಿಂದಿರುಗಬೇಕು, ಒಮ್ಮೆ ಮನೆಗೆ, ಒಮ್ಮೆ ಊರಿಗೆ. ಎರಡರ ರೀತಿಯೂ ಬೇರೆ. ಹತ್ತು ತಿಂಗಳು ನೋಡಿದ ದೇಶಗಳಿಗಿಂತ ಈ ಎರಡು ಹಿಂದಿರುಗುವಿಕೆಗಳ ಬಗ್ಗೆಯೇ ನನಗೀಗ ಹೇಳುವುದಿದೆ.

ಜೂನಿನಲ್ಲಿ ಹೊರಟು ವಿಯೆಟ್ನಾಂ, ಜಪಾನ್, ಅಮೆರಿಕ, ಮೆಕ್ಸಿಕೊ, ಪೆರು, ಅರ್ಜೆಂಟೀನಾ, ಸ್ಪೇನ್, ಪೋರ್ಚುಗಲ್, ಟರ್ಕಿ ಎಂದು ಪೂರ್ವಕ್ಕೇ ಸಾಗುತ್ತಾ ಏಪ್ರಿಲ್‌ನಲ್ಲಿ ನಾನೂ ಹೆಂಡತಿಯೂ ಮುಂಬಯಿಗೆ ಬಂದಿಳಿದೆವು. ಒಂದು ಮಳೆಗಾಲ ಪೂರ್ತಿ ಮುಚ್ಚಿದ್ದ ಮನೆ. ಚರ್ಮದ ಬೆಲ್ಟಿಗೆ ಹಸಿರು ಬೂಸಲು ಹಿಡಿದಿತ್ತು. ಕಪಾಟು ತೆರೆದು ಸುಮ್ಮನೆ ನಿಂತೆ. ಹತ್ತು ತಿಂಗಳು ಮೂರು ಅಂಗಿಗಳಲ್ಲಿ ಬದುಕಿದವನ ಮುಂದೆ ಮೂವತ್ತೊಂದು ಅಂಗಿಗಳು ನೇತಾಡುತ್ತಿದ್ದವು. ಎಣಿಸಿದೆ, ಅದಕ್ಕೇ ಗೊತ್ತು. ಯಾವುದನ್ನು ಹಾಕಿಕೊಳ್ಳಲಿ ಎಂದು ತೋಚದೆ ಬ್ಯಾಗಿನಲ್ಲಿದ್ದ ಮೂರರಲ್ಲೇ ಒಂದನ್ನು ಒಗೆದು ಹಾಕಿಕೊಂಡೆ. ಒಂದು ವಾರ ಹೀಗೇ ನಡೆಯಿತು. ಹೆಂಡತಿ ಎರಡನೆಯ ದಿನವೇ ಸೀರೆಗಳನ್ನು ಬಿಸಿಲಿಗೆ ಹಾಕಿ, ಡಬ್ಬಿಗಳನ್ನು ತೊಳೆದು, ಒಗ್ಗರಣೆ ಹಾಕಿ ಮನೆಗೆ ಮರಳಿ ಬಂದುಬಿಟ್ಟಿದ್ದಳು. ನಾನಿನ್ನೂ ಹೊಸ್ತಿಲ ಹೊರಗೇ ಇದ್ದೆ.

ಗಡಿಯಾರದ ಆಯಾಸವೆಂದು ಹೇಳುವಂತೆಯೂ ಇರಲಿಲ್ಲ. ಇಸ್ತಾಂಬುಲ್‌ಗೂ ನಮಗೂ ಎರಡೂವರೆ ಗಂಟೆಯ ಅಂತರ ಅಷ್ಟೆ, ಎರಡು ದಿನಕ್ಕೆ ನಿದ್ದೆ ಸರಿಹೋಯಿತು. ಸರಿಹೋಗದ್ದು ಕುತ್ತಿಗೆ. ತಿಂಗಳುಗಟ್ಟಲೆ ಬಲಬದಿಯಲ್ಲಿ ವಾಹನ ಓಡುವ ದೇಶಗಳಲ್ಲಿ ತಿರುಗಿ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವುದು ಅಭ್ಯಾಸವಾಗಿಹೋಗಿತ್ತು. ಡೊಂಬಿವಲಿ ಸ್ಟೇಷನ್ನಿನ ಎದುರು ಎಡಕ್ಕೆ ನೋಡುತ್ತಾ ಬಲದಿಂದ ಬಂದ ಆಟೋ ಮುಂದೆ ಕಾಲಿಟ್ಟೆ. ಚಾಲಕ ಬೈದ ಬೈಗುಳ ಅಚ್ಚ ಊರಿನದು. ಅದನ್ನು ಕೇಳಿ ಅರ್ಧ ಸಮಾಧಾನವೂ ಆಯಿತೆನ್ನಿ.

ಮಹಡಿಯ ಮೆಟ್ಟಿಲಲ್ಲಿ ಸಿಕ್ಕ ಮರಾಠಿ ನೆರೆಯವರು, ‘ಬಹಳ ದಿನ ಕಾಣಲಿಲ್ಲ, ಗಾವಾಲಾ ಗೇಲಾ ಹೋತಾ ಕಾ?’ ಎಂದರು. ಊರಿಗೆ ಹೋಗಿದ್ದಿರಾ ಎಂದು. ನಾನು ಬಾಯಿ ತೆರೆದೆ. ಮಾಚುಪಿಚು, ಇಸ್ತಾಂಬುಲ್, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು. ಅವರಿಗೆ 8.12ರ ಲೋಕಲ್ ಹಿಡಿಯಬೇಕಿತ್ತು. ‘ಹೋ’ ಎಂದೆ, ಹೌದು ಎಂದು. ಮುಂಬಯಿಯ ರೀತಿ ಇದು, ಮತ್ತು ನಾನು ಇದನ್ನು ದೂರುವುದಿಲ್ಲ. ಯಾರು ಎಲ್ಲಿಗೆ ಹೋದರು, ಏಕೆ ಬಂದರು ಎಂದು ಈ ಊರು ಕೆದಕುವುದಿಲ್ಲ. ಹೋದವನು ಊರಿಗೆ ಹೋಗಿದ್ದಾನೆ, ಬಂದವನು ನೀರಿನ ಬಿಲ್ಲು ಕಟ್ಟಬೇಕು. ಇದರಲ್ಲಿ ಒಂದು ಸಭ್ಯತೆ ಇದೆ. ಆದರೆ ಆ ಸಭ್ಯತೆಯಿಂದ ಹೊಟ್ಟೆ ತುಂಬುವುದಿಲ್ಲ.

ಮರಳಿ ಬಂದವರ ಈ ಪಾಡನ್ನು ಪಂಡಿತರು ಅಧ್ಯಯನ ಮಾಡಿದ್ದಾರೆ. ಅಮೆರಿಕಕ್ಕೆ ಓದಲು ಹೋಗಿಬಂದ ನಾರ್ವೆಯವರನ್ನು ಮಾತನಾಡಿಸಿದ ಲಿಸ್ಗಾರ್ಡ್ ಎಂಬ ವಿದ್ವಾಂಸ 1955ರಲ್ಲಿ, ಪರದೇಶಕ್ಕೆ ಹೋದವನ ಮನಸ್ಸು ಮೊದಲು ಮೇಲೆ, ಆಮೇಲೆ ಕೆಳಗೆ, ಮತ್ತೆ ಮೇಲೆ ಹೋಗುತ್ತದೆಂದು ತೋರಿಸಿದ. 1963ರಲ್ಲಿ ಗಲ್ಲಾಹಾರ್ನ್ ದಂಪತಿ, ಮನೆಗೆ ಬಂದ ಮೇಲೆ ಇನ್ನೊಮ್ಮೆ ಅದೇ ಇಳಿತ ಏರಿಕೆ ಇದೆ ಎಂದು ಸೇರಿಸಿದರು. ಗೆರೆ ಎಳೆದರೆ ಇಂಗ್ಲಿಷಿನ ಡಬ್ಲ್ಯು ಅಕ್ಷರ. ನನ್ನ ಅನುಭವದಲ್ಲಿ ಆ ಅಕ್ಷರದ ಎರಡನೆಯ ಹಳ್ಳ ಮೊದಲನೆಯದಕ್ಕಿಂತ ಆಳ. ಯುದ್ಧದಿಂದ ಮರಳುವ ಸೈನಿಕರನ್ನು ಕುರಿತು 1945ರಲ್ಲಿ ಬರೆದ ಆಲ್ಫ್ರೆಡ್ ಶುಟ್ಸ್ ಇನ್ನೂ ನಾಟುವಂತೆ ಹೇಳಿದ್ದಾನೆ. ಬಂದವನ ಬಳಿ ಇರುವುದು ಅವನಿಗಷ್ಟೇ ಆದ ಅನುಭವ; ಕೇಳುವವರ ಬಳಿ ಇರುವುದು ಮೊದಲೇ ಸಿದ್ಧವಾದ ಅಚ್ಚು. ಕಥೆಯನ್ನು ಅವರು ಆ ಅಚ್ಚಿಗೇ ಸುರಿದುಕೊಳ್ಳುತ್ತಾರೆ. ನಮ್ಮವರ ಅಚ್ಚುಗಳು ಎರಡೇ: ‘ಊಟಕ್ಕೆ ಏನು ಮಾಡಿದಿರಿ?’ ಮತ್ತು ‘ಒಟ್ಟು ಎಷ್ಟು ಖರ್ಚಾಯಿತು?’

ಹೋಗುವವರನ್ನು ಕಳುಹಿಸಲು ಎಲ್ಲ ಕಡೆಯೂ ಚೆಂದದ ರೀತಿಗಳಿವೆ. ಜಪಾನಿನಲ್ಲಿ ಮನೆಯಿಂದ ಹೊರಡುವವರು ‘ಇತ್ತೆ ಕಿಮಾಸು’ ಎನ್ನುತ್ತಾರೆ. ಅರ್ಥ ಕೇಳಿದರೆ ಅದು ನಮ್ಮ ‘ಹೋಗಿ ಬರುತ್ತೇನೆ’ಯೇ. ‘ಹೋಗುತ್ತೇನೆ’ ಎಂದಷ್ಟೇ ಹೇಳಿ ನಮ್ಮಜ್ಜಿಯಿಂದ ಬೈಸಿಕೊಂಡವನಿಗೆ ಆ ಮಾತು ಕೇಳಿ ಮೈ ಜುಮ್ಮೆಂದಿತು. ಟರ್ಕಿಯಲ್ಲಿ ಹೊರಟವರ ಹಿಂದೆ ಒಂದು ಪಾತ್ರೆ ನೀರು ಚೆಲ್ಲುತ್ತಾರೆ, ನೀರಿನ ಹಾಗೆ ಸರಾಗವಾಗಿ ಹೋಗು, ನೀರಿನ ಹಾಗೆ ಬಾ ಎಂದು. ರಷ್ಯನ್ನರು ಹೊರಡುವ ಮುನ್ನ ಒಂದು ನಿಮಿಷ ಸುಮ್ಮನೆ ಕೂರುತ್ತಾರೆ. ನಮ್ಮಲ್ಲಿ ಮನೆಯವರು ಹೊರಟ ಕೂಡಲೇ ಕಸ ಗುಡಿಸುವುದಿಲ್ಲ. ಬರುವವರಿಗೆ ಮಾತ್ರ ರೀತಿಗಳು ಕಡಿಮೆ. ಜಪಾನಿನವರು ಇದರಲ್ಲೂ ಜಾಣರು: ಬಂದವನು ‘ತದಾಯಿಮಾ’ ಎಂದು ಕೂಗಬೇಕು, ಒಳಗಿನಿಂದ ‘ಒಕಾಯೆರಿ’ ಎಂದು ಉತ್ತರ ಬರಬೇಕು. ನಮ್ಮಲ್ಲಿ ಕಾಲಿಗೆ ಒಂದು ಚೆಂಬು ನೀರಿತ್ತು, ಅರಿಸಿನ ಸುಣ್ಣ ಕದಡಿದ ಕೆಂಪು ನೀರನ್ನು ನಿವಾಳಿಸುವುದಿತ್ತು. ಫ್ಲ್ಯಾಟಿನ ಬಾಗಿಲಲ್ಲಿ ಆ ನೀರನ್ನು ಚೆಲ್ಲುವುದೆಲ್ಲಿ? ಲಿಫ್ಟಿನೊಳಗೆ?

ಬಂದವರಿಗೆ ನಮ್ಮ ಹಿಂದಿನವರು ಇಟ್ಟಿದ್ದ ದೊಡ್ಡ ರೀತಿಗಳು ಎರಡು, ಮತ್ತು ಅವು ಒಂದಕ್ಕೊಂದು ಉಲ್ಟಾ. ಒಂದು ಪ್ರಾಯಶ್ಚಿತ್ತ, ಇನ್ನೊಂದು ಸಮಾರಾಧನೆ. ಕಡಲು ದಾಟಿದವನು ಕೆಟ್ಟು ಬಂದಿದ್ದಾನೆ, ಅವನನ್ನು ತೊಳೆಯಬೇಕು ಎನ್ನುವುದು ಮೊದಲನೆಯದು. ಕಾಶಿಗೆ ಹೋದವನು ಏನನ್ನೋ ಗಳಿಸಿ ಬಂದಿದ್ದಾನೆ, ಅದನ್ನು ಹಂಚಬೇಕು ಎನ್ನುವುದು ಎರಡನೆಯದು. ಗಾಂಧೀಜಿ 1891ರಲ್ಲಿ ಇಂಗ್ಲೆಂಡಿನಿಂದ ಬಂದಾಗ ಎರಡೂ ನಡೆದವು: ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಮುಳುಗಿಸಿದರು, ರಾಜಕೋಟೆಗೆ ಬಂದು ಜಾತಿಯವರಿಗೆ ಊಟ ಹಾಕಿಸಿದರು. ಮುಳುಗಿಸುವ ಬುದ್ಧಿ ಪೂರ್ತಿ ಹೋಗಿಲ್ಲ. ಸಾಗರ ದಾಟಿದ ಯತಿಗಳು ಕೃಷ್ಣನ ವಿಗ್ರಹ ಮುಟ್ಟಬಹುದೇ ಎಂದು ಉಡುಪಿಯಲ್ಲಿ 2008ರ ಪರ್ಯಾಯದ ಹೊತ್ತಿಗೂ ಜಗಳವಾಯಿತು. ಹೋಗಬೇಕಾದ ಆ ರೀತಿ ಉಳಿದುಕೊಂಡು, ಉಳಿಯಬೇಕಾದ ಸಮಾರಾಧನೆ ತೆಳುವಾಗುತ್ತಿದೆ ಎಂಬುದೇ ನನ್ನ ತಕರಾರು. ಕಾಶಿಯಿಂದ ಬಂದವರು ಮೊದಲು ಊರಿಗೆ ಬಡಿಸುತ್ತಿದ್ದರು, ಗಂಗೆಯ ಗಿಂಡಿ, ಕರಿಯ ದಾರ ಹಂಚುತ್ತಿದ್ದರು. ಕಥೆ ಆಮೇಲೆ, ಯಾರಾದರೂ ಕೇಳಿದರೆ. ಬಗ್ಗಿ ಬಗ್ಗಿ ಬಡಿಸುವುದರಲ್ಲಿ ತಿರುಗಾಡಿ ಬಂದವನ ಕೊಬ್ಬು ಅರ್ಧ ಇಳಿಯುತ್ತಿತ್ತು. ನಾವೀಗ ಮಾಡುವುದೇನು? ಹೋದಲ್ಲಿಂದಲೇ ದಿನಕ್ಕೆ ಹತ್ತು ಫೋಟೊ ಕಳಿಸಿ, ಬರುವ ಹೊತ್ತಿಗೆ ಎಲ್ಲರಿಗೂ ನಮ್ಮ ಪ್ರವಾಸ ಸಾಕಾಗಿಸಿರುತ್ತೇವೆ.

ನಡುವೆ ಶನಿವಾರದ ವಿಷಯ ಹೇಳಿಬಿಡುತ್ತೇನೆ. ಹೆಂಡತಿಗೆ ಶನಿವಾರ ಒಪ್ಪೊತ್ತು. ಟೋಕಿಯೊದಲ್ಲಿ ಶನಿವಾರ ಸಂಜೆ ವಿಮಾನ ಹತ್ತಿದೆವು, ದಿನರೇಖೆ ದಾಟಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಅದೇ ಶನಿವಾರದ ಬೆಳಿಗ್ಗೆ. ಒಪ್ಪೊತ್ತು ಮುಗಿದಿದೆಯೋ, ಮತ್ತೆ ಶುರುವೋ? ‘ಸೂರ್ಯ ಎರಡು ಸಲ ಹುಟ್ಟಿದ್ದಾನೆ’ ಎಂದು ಅವಳು ಎರಡನೆಯ ರಾತ್ರಿಯೂ ಊಟ ಬಿಟ್ಟಳು. ಈ ಗೊಂದಲ ಹಳೆಯದು. ನಾವಿಕ ಮೆಜೆಲನ್ನನ ಜೊತೆ 1519ರಲ್ಲಿ ಐದು ಹಡಗುಗಳಲ್ಲಿ ಹೊರಟ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಭೂಮಿ ಸುತ್ತಿ 1522ರ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಒಂದೇ ಒಂದು ಹಡಗಿನಲ್ಲಿ ಬಂದವರು ಹದಿನೆಂಟು. ದಾರಿಯಲ್ಲಿ ಕೇಪ್ ವರ್ಡ್ ದ್ವೀಪಕ್ಕೆ ಬಂದಾಗ ಹಡಗಿನ ಲೆಕ್ಕದಲ್ಲಿ ಬುಧವಾರ, ದಡದಲ್ಲಿ ಗುರುವಾರ. ದಿನಚರಿ ಬರೆಯುತ್ತಿದ್ದ ಪಿಗಫೆಟ್ಟ ಒಂದು ದಿನವೂ ತಪ್ಪಿಸದೆ ಬರೆದಿದ್ದ. ಪಶ್ಚಿಮಕ್ಕೇ ಸಾಗಿದ್ದರಿಂದ ದಿನವೊಂದು ಸದ್ದಿಲ್ಲದೆ ಸೋರಿಹೋಗಿತ್ತು. ಬದುಕುಳಿದವರು ಸೆವಿಲ್ಲಾದಲ್ಲಿ ಇಳಿದು ಮೊದಲು ಮಾಡಿದ್ದು, ಅಂಗಿ ಮಾತ್ರ ತೊಟ್ಟು ಬರಿಗಾಲಿನಲ್ಲಿ ಕೈಯಲ್ಲಿ ಮೇಣದ ಬತ್ತಿ ಹಿಡಿದು ಚರ್ಚಿಗೆ ನಡೆದದ್ದು. ನನಗೆ ಆ ಮೆರವಣಿಗೆಯ ಮೇಲೆ ಅಸೂಯೆ. ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತಲ್ಲ.

ಹೊನ್ನಾವರದಲ್ಲಿ ರೈಲಿಳಿದು ಗೇರುಸೊಪ್ಪೆ ಘಾಟಿ ಹತ್ತಿ ಊರಿಗೆ ಹೋದಾಗ ನಾನು ನೆಂಟನಾಗಿದ್ದೆ. ಅತ್ತಿಗೆ ಪಾಯಸ ಮಾಡಿದ್ದರು, ಹೊಸ ಚಾದರ ಹಾಸಿದ್ದರು. ರಾತ್ರಿ ಟಿ.ವಿ.ಗೆ ಮೊಬೈಲ್ ಜೋಡಿಸಿ ಫೋಟೊ ತೋರಿಸಲು ಕೂತೆ. ನಾನೂರಕ್ಕೂ ಹೆಚ್ಚಿದ್ದವು. ಜಪಾನ್ ಮುಗಿಯುವಷ್ಟರಲ್ಲಿ ಮಕ್ಕಳು ಎದ್ದು ಹೋದರು. ಮೆಕ್ಸಿಕೊ ಬರುವಾಗ ಅಣ್ಣ ಗೊರಕೆ ಹೊಡೆಯುತ್ತಿದ್ದ. ಆಗ ಕರೆಂಟು ಹೋಯಿತು. ವಿದ್ಯುತ್ ಇಲಾಖೆಗೆ ನಾನು ಋಣಿ.

ಕತ್ತಲಲ್ಲಿ ಎಂಬತ್ತನಾಲ್ಕರ ಚಿಕ್ಕಪ್ಪ ಕವಳದ ತಟ್ಟೆ ಎಳೆದುಕೊಂಡ ಸದ್ದು. ದೀಪ ಬಂತು. ಎಲೆಯ ತೊಟ್ಟು ಚಿವುಟಿ, ತೊಡೆಗೆ ಒರೆಸಿ, ಹಿಂಬದಿಗೆ ಸುಣ್ಣ ಹಚ್ಚುತ್ತಾ ಕೇಳಿದರು: ‘ಎಲೆ ಅಡಿಕೆ ಇಲ್ಲದ ಊರಿನಲ್ಲಿ ಜನ ಊಟವಾದ ಮೇಲೆ ಬಾಯಿಗೆ ಏನು ಹಾಕಿಕೊಳ್ಳುತ್ತಾರೋ?’

ಪೆರುವಿನ ಕುಸ್ಕೊ ನೆನಪಾಯಿತು. ಸಮುದ್ರಮಟ್ಟದಿಂದ 3,400 ಮೀಟರ್ ಮೇಲಿರುವ ಊರು, ನಡೆದರೆ ಉಸಿರು ಕಟ್ಟುತ್ತದೆ. ಸಂತೆಯಲ್ಲಿ ಹೆಂಗಸರು ಕೋಕಾ ಎಲೆಯನ್ನು ಗೋಣಿಯಲ್ಲಿಟ್ಟು ಮಾರುತ್ತಾರೆ. ಹೌದು, ಆ ಕುಖ್ಯಾತ ಬಿಳಿ ಪುಡಿಗೆ ಮೂಲವೂ ಅದೇ ಎಲೆ. ಆದರೆ ಅಲ್ಲಿನವರಿಗೆ ಅದು ನಮ್ಮ ವೀಳ್ಯದ ಹಾಗೆ, ನೆಂಟರಿಗೆ ಕೊಡುವುದೂ ದೇವರಿಗೆ ಇಡುವುದೂ. ಮೂರು ಎಲೆ ಜೋಡಿಸಿ ಹಿಡಿದು, ಬೆಟ್ಟದ ಕಡೆಗೆ ಉಸಿರು ಊದಿ ಅರ್ಪಿಸುತ್ತಾರೆ. ಎಲೆಯ ಜೊತೆಗೆ ಕರಿಯ ಉಂಡೆಯೊಂದನ್ನು ಚೂರು ಮುರಿದು ಹಾಕಿಕೊಳ್ಳುತ್ತಾರೆ, ಕಿನೋವಾ ಎಂಬ ಧಾನ್ಯದ ದಂಟು ಸುಟ್ಟ ಬೂದಿ. ಅದಿಲ್ಲದಿದ್ದರೆ ಎಲೆ ಸಪ್ಪೆಯಂತೆ.

ಚಿಕ್ಕಪ್ಪನ ಹೆಬ್ಬೆರಳು ಎಲೆಯ ಮೇಲೆಯೇ ನಿಂತಿತು. ‘ಅಂದರೆ ಅವರಿಗೂ ಸುಣ್ಣ ಬೇಕು!’

‘ಬೇಕು ಚಿಕ್ಕಪ್ಪ. ಉತ್ತರಕ್ಕೆ ಕೊಲಂಬಿಯಾದ ಬೆಟ್ಟದವರು ಕಡಲ ಚಿಪ್ಪು ಸುಟ್ಟ ಸುಣ್ಣವನ್ನೇ ಹಾಕುತ್ತಾರಂತೆ.’

‘ಚಿಪ್ಪಿನ ಸುಣ್ಣವೇ ಒಳ್ಳೆಯದು. ಕಲ್ಲುಸುಣ್ಣ ಬಾಯಿ ಸುಡುತ್ತದೆ’ ಎಂದರು, ಆ ಬೆಟ್ಟದವರು ಘಟ್ಟದ ಕೆಳಗಿನ ನೆಂಟರೇನೋ ಎಂಬಂತೆ. ಅಣ್ಣ ಗೊರಕೆ ನಿಲ್ಲಿಸಿ ಎದ್ದು ಕೂತ. ಅಲ್ಲಿ ಎಲೆ ಬೆಳೆಯುವುದು ಬಳ್ಳಿಯಲ್ಲೋ ಗಿಡದಲ್ಲೋ, ವರ್ಷಕ್ಕೆ ಎಷ್ಟು ಕೊಯ್ಲು, ಕಿಲೋಗೆ ಏನು ರೇಟು ಎಂದು ಹನ್ನೊಂದು ಗಂಟೆಯವರೆಗೂ ಮಾತು. ಕೊಯ್ಲು, ರೇಟು ನನಗೆ ತಿಳಿದಿರಲಿಲ್ಲ. ಹತ್ತು ತಿಂಗಳು ತಿರುಗಿ ಕೇಳಬೇಕಾದದ್ದನ್ನೇ ಕೇಳಿಕೊಂಡು ಬಂದಿಲ್ಲ ಎಂದು ಬೈಸಿಕೊಂಡೆ.

ಮರುದಿನ ಪಾಯಸವಿರಲಿಲ್ಲ. ಅತ್ತಿಗೆ ಜಗುಲಿಯಲ್ಲಿ ಅಪ್ಪೆಮಿಡಿಯ ರಾಶಿ ಸುರಿದು, ‘ಸುಮ್ಮನೆ ಕೂತಿದ್ದೀರಲ್ಲ, ತೊಟ್ಟು ಕತ್ತರಿಸಿಕೊಡಿ, ಅರ್ಧ ಇಂಚು ಬಿಡಿ, ಸೊನೆ ಹೋಗಬಾರದು’ ಎಂದು ಕತ್ತರಿ ಕೈಗಿತ್ತರು. ಎರಡು ದಿನ ಅದೇ ಕೆಲಸ. ಮಿಡಿ ಉಪ್ಪಿನ ಜಾಡಿಗೆ ಇಳಿಯಿತು. ಸೊನೆ ತಾಗಿ ನನ್ನ ಎರಡೂ ಕೈಗಳ ಬೆರಳ ತುದಿ ಕಪ್ಪಾಗಿ, ಸುಟ್ಟು, ಸಿಪ್ಪೆ ಏಳತೊಡಗಿತು.

ಮುಂಬಯಿಗೆ ಬಂದು, ಹೊಸ ಸಿಮ್ಮು, ಹಳೆಯ ಕಾಗದಗಳೊಂದಿಗೆ ಮತ್ತೆ ಬ್ಯಾಂಕಿಗೆ ಹೋದೆ. ಗುಮಾಸ್ತರು ಬೆರಳಚ್ಚಿನ ಯಂತ್ರವನ್ನು ಮುಂದಿಟ್ಟರು. ಹೆಬ್ಬೆರಳು ಒತ್ತಿದೆ; ಹೊಂದಲಿಲ್ಲ. ತೋರುಬೆರಳು, ಎಡಗೈ, ಒರೆಸಿ ಮತ್ತೊಮ್ಮೆ, ಯಾವುದನ್ನೂ ಅದು ಒಪ್ಪಲಿಲ್ಲ. ಅವರು ನನ್ನ ಕೈಯನ್ನು ತಿರುಗಿಸಿ ನೋಡಿ, ಏನಿದು ಎಂದರು. ಮಾವಿನ ಸೊನೆ, ಊರಿನಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದೆವು ಎಂದೆ.

‘ಕೈರೀ?’ ಎಂದು ಅವರ ಮುಖ ಅರಳಿತು. ಅವರ ಊರು ರತ್ನಾಗಿರಿಯ ಕಡೆಯಂತೆ, ಈ ಸಲ ಹೋಗಲಾಗಲಿಲ್ಲವಂತೆ. ಚರ್ಮ ಹೊಸದು ಬರಲಿ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ನಾನು ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದು, ಬರುವಾಗ ಒಂದು ಸಣ್ಣ ಬಾಟಲಿಯಲ್ಲಿ ಆ ಉಪ್ಪಿನಕಾಯಿಯನ್ನೂ ತನ್ನಿ ಎಂದರು.