ಪತ್ರೊಡೆಗೆ ಪ್ರವೇಶವಿಲ್ಲ

ಮುಂಬಯಿಯ ಒಂದು ಸರ್ಕಾರಿ ಕಚೇರಿಯ ಬಾಗಿಲಲ್ಲಿ ಮೊನ್ನೆ ನನ್ನ ಪತ್ರೊಡೆ ಸಿಕ್ಕಿಬಿತ್ತು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಜಜ್ಜಿಸಿಕೊಂಡು ಬಂದ ಡಬ್ಬಿ. ವಾಚ್‌ಮನ್ ಮುಚ್ಚಳ ತೆಗೆದ, ಮೂಸಿದ, ಕೆಸುವಿನೆಲೆಯ ಸುರುಳಿಯನ್ನು ಬಾಂಬೇನೋ ಎಂಬಂತೆ ತಿರುಗಿಸಿ ನೋಡಿದ. "ಡಬ್ಬಾ ಇಥೇ ಠೇವಾ" ಅಂದ, ಡಬ್ಬಿ ಇಲ್ಲೇ ಇಡಿ ಅಂತ. ಕಿಸೆಯಲ್ಲಿದ್ದ ಪೆನ್‌ಡ್ರೈವ್ ಬಗ್ಗೆ ಕೇಳಲೇ ಇಲ್ಲ. ಅದು ತಿನ್ನುವ ಸಾಮಾನಲ್ಲ ನೋಡಿ.

ಆಮೇಲೆ ರಿಜಿಸ್ಟರ್. ಬೆಳಗಿನಿಂದ ಬಂದವರ ಹೆಸರು, ಮೊಬೈಲ್ ನಂಬರು ಎಲ್ಲ ಸಾಲಾಗಿ ಕಾಣುತ್ತಿದ್ದವು. ಪೆನ್ನನ್ನು ಯಾರೂ ಕದಿಯಬಾರದೆಂದು ದಾರ ಕಟ್ಟಿದ್ದರು.

ಮೂರನೇ ಮಹಡಿಯಲ್ಲಿ ಕುರ್ಚಿ ಖಾಲಿ, ಕಂಪ್ಯೂಟರ್ ಚಾಲೂ. ಪರದೆ ತುಂಬ ಯಾರದ್ದೋ ಮೇಲ್. ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ ಪಾಸ್‌ವರ್ಡ್. ನಾನು ಹೇಳಬಾರದು, ಆದರೂ ಹೇಳುತ್ತೇನೆ: ಗಣಪತಿಯ ಹೆಸರು, ಮುಂದೆ 123.

2021ರ ಜನವರಿ 6ರಂದು ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡಕ್ಕೆ, ಅಂದರೆ ಅಮೆರಿಕದ ಸಂಸತ್ತಿಗೆ, ಗುಂಪು ನುಗ್ಗಿತಲ್ಲ, ಆಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರ ಕಚೇರಿಯಲ್ಲೂ ಹೀಗೇ ಮೇಲ್ ತೆರೆದುಕೊಂಡು ಕೂತಿದ್ದ ಕಂಪ್ಯೂಟರಿನ ಫೋಟೋ ಟ್ವಿಟರ್‌ಗೆ ಬಂದಿತ್ತು. ಲ್ಯಾಪ್‌ಟಾಪ್‌ಗಳೂ ಕಳುವಾದವು. ಕದ್ದದ್ದಾದರೂ ಲೆಕ್ಕಕ್ಕೆ ಸಿಗುತ್ತದೆ. ಒಳಗೆ ಏನನ್ನು ಸಿಕ್ಕಿಸಿಟ್ಟು ಹೋದರೋ ಅನ್ನುವುದೇ ತಜ್ಞರಿಗೆ ಜಾಸ್ತಿ ತಲೆನೋವಾಯಿತು. ಪಾಪ, ಅಲ್ಲಿನವರು ಜೀವ ಉಳಿಸಿಕೊಳ್ಳಲು ಓಡಿದ್ದರು. ಪರದೆ ಲಾಕ್ ಮಾಡಲು ಪುರುಸೊತ್ತೆಲ್ಲಿ? ನಮ್ಮ ಮ್ಯಾಡಂ ಕಟಿಂಗ್ ಚಾಯ್‌ಗೆ ಹೋಗಿದ್ದರು.

ಬಂದರು. ಸ್ಕ್ಯಾನರ್ ಕೆಟ್ಟಿದೆ, ಪೆನ್‌ಡ್ರೈವ್ ಇದ್ದರೆ ಕೊಡಿ ಅಂದರು. ಕೊಟ್ಟೆ. ಅದು ಅಂದು ಬೆಳಿಗ್ಗೆಯಷ್ಟೇ ಸ್ಟೇಷನ್ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ, ಊರವರ ಪೆನ್‌ಡ್ರೈವ್‌ಗಳನ್ನೆಲ್ಲ ನುಂಗಿದ ಕಂಪ್ಯೂಟರಿನೊಳಗೆ ಮುಳುಗೆದ್ದು ಬಂದದ್ದು. ಇರಾನಿನ ನತಾನ್ಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಿ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ಹುಳು ಕೂಡ ಪೆನ್‌ಡ್ರೈವ್ ಮೂಲಕ ಹರಡುವಂಥದ್ದೇ. ಅದನ್ನು ಒಳಗೆ ಸೇರಿಸಲು ಯಾರು ಎಷ್ಟು ಪಾಡುಪಟ್ಟರೋ. ಇಲ್ಲಿ ಕೈಚಾಚಿ ಕೇಳಿ ತೆಗೆದುಕೊಂಡರು!

ಪರದೆಯ ಮೇಲೆ ಏನೋ ಕೆಂಪಗೆ ಎದ್ದಿತು. ಮ್ಯಾಡಂ ಓದದೆಯೇ ಮುಚ್ಚಿದರು. "ರೋಜಚಂಚ್ ಆಹೇ ತೇ." ದಿನಾ ಬರುತ್ತದಂತೆ. ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಿಂದ ನಿಯಮವಿದೆ. ಆರು ಗಂಟೆ ಅಂದರೆ ಇಲ್ಲಿ ಒಂದು ಚಹಾ, ಒಂದು ಊಟ, ಮತ್ತೊಂದು ಚಹಾ. ಗೊತ್ತಾದರೆ ತಾನೇ, ಅಲ್ವಾ?

ಇಳಿದು ಬಂದು ಡಬ್ಬಿ ಕೇಳಿದೆ. ಮನೆಯವಳು ಎಂಟು ತುಂಡು ಹಾಕಿದ್ದಳು. ಐದಿದ್ದವು.

"ಚೆಕಿಂಗ್ ಕೇಲಂ" ಅಂದ ವಾಚ್‌ಮನ್, ಬೆರಳು ನೆಕ್ಕುತ್ತ.