ಕರೆಂಟ್ ಬಿಲ್ ಬಂದರೆ ಮೊದಲು ನೆಲಮಾಳಿಗೆಗೆ ಇಳಿದು ನೋಡಿ

ಹೋದ ವಾರ ರಾತ್ರಿ ಹತ್ತೂವರೆಗೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಇಲ್ಲಿಗೆ, ಅಂದರೆ ಜರ್ಮನಿಗೆ ಕೆಲಸಕ್ಕೆ ಬಂದು ಒಂದು ವರ್ಷ ಆಗಿದೆ, ಒಬ್ಬಳೇ ಇದ್ದಾಳೆ. ದನಿ ನಡುಗುತ್ತಿತ್ತು.

"ಅಕ್ಕಾ, ಕರೆಂಟಿನವರ ಪತ್ರ ಬಂದೈತ್ರಿ. 412 ಯೂರೊ ಕಟ್ಟಬೇಕಂತ, ಎರಡು ವಾರದಾಗ. ಈಗ ಕಟ್ಟಿಬಿಡ್ಲೇನ್ರಿ?"

"ಬಿಲ್‌ನಲ್ಲಿ ಇರೋ ಮೀಟರ್ ನಂಬರ್ ನಿನ್ನ ಮೀಟರಿನದೇನಾ, ನೋಡಿದ್ಯಾ?" ಅಂತ ಕೇಳಿದೆ.

"ನನ್ನ ಮೀಟರ್ ಎಲ್ಲೈತಿ ಅನ್ನೋದ ಗೊತ್ತಿಲ್ರಿ ಅಕ್ಕಾ."

ಈ ಬರಹ ಬರೆಯಬೇಕು ಅಂತ ಅನ್ನಿಸಿದ್ದು ಆಗ. ಯಾಕಂದರೆ ಎರಡೂವರೆ ವರ್ಷ ನನಗೂ ಗೊತ್ತಿರಲಿಲ್ಲ.

ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದದ್ದು 2019ರ ನವೆಂಬರ್‌ನಲ್ಲಿ. ಮನೆ ಸಿಕ್ಕಿದ್ದೇ ದೊಡ್ಡದು ಅನ್ನೋ ಪರಿಸ್ಥಿತಿ. ಬಾಡಿಗೆಯಲ್ಲಿ ಎರಡು ಲೆಕ್ಕ ಇರುತ್ತದೆ ಅಂತ ಆಮೇಲೆ ತಿಳಿಯಿತು. ಬರೀ ಗೋಡೆಗಳ ಬಾಡಿಗೆ ಕಾಲ್ಟ್‌ಮೀಟೆ, ಅಂದರೆ ತಣ್ಣನೆಯ ಬಾಡಿಗೆ. ಅದರ ಮೇಲೆ ನೀರು, ಕಸ, ಹೀಟಿಂಗ್, ಮೆಟ್ಟಿಲ ಲೈಟು ಎಲ್ಲ ಸೇರಿದರೆ ವಾರ್ಮ್‌ಮೀಟೆ, ಬೆಚ್ಚಗಿನ ಬಾಡಿಗೆ. ಮನೆಯೊಳಗಿನ ಕರೆಂಟ್ ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಅದಕ್ಕೆ ನಾವೇ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಮಾಡಿಕೊಳ್ಳದೆ ಸುಮ್ನೆ ಸ್ವಿಚ್ ಹಾಕಿದರೂ ಲೈಟ್ ಉರಿಯುತ್ತದೆ. ಆದರೆ ಆ ಕ್ಷಣದಿಂದ ಆ ಊರಿನ ಮೂಲ ಸರಬರಾಜು ಕಂಪನಿಯ ಗ್ರಾಹಕರಾಗಿರುತ್ತೀರಿ. ಅವರ ದರ ಸಾಮಾನ್ಯವಾಗಿ ಬೇರೆಯವರಿಗಿಂತ ಜಾಸ್ತಿ. ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು.

ನಮ್ಮ ಮನೆ ಮಾಲೀಕರು ಒಂದು ಚೀಟಿಯಲ್ಲಿ ಮೀಟರ್ ನಂಬರ್ ಬರೆದುಕೊಟ್ಟರು. ಅದನ್ನೇ ಫಾರಂನಲ್ಲಿ ತುಂಬಿ ಕಂಪನಿಗೆ ಕಳಿಸಿದೆವು. ತಿಂಗಳಿಗೆ 62 ಯೂರೊ ಅಂತ ಗೊತ್ತು ಮಾಡಿದರು. ಇಲ್ಲಿ ತಿಂಗಳು ತಿಂಗಳು ಓಡಿದ ಯೂನಿಟ್ಟಿಗೆ ಬಿಲ್ ಬರುವುದಿಲ್ಲ. ಇಷ್ಟಾಗಬಹುದು ಅಂತ ಅಂದಾಜು ಮಾಡಿ ಮುಂಗಡ ತಗೋತಾರೆ. ಅದಕ್ಕೆ ಅಬ್‌ಶ್ಲಾಗ್ ಅಂತಾರೆ. ವರ್ಷದ ಕೊನೆಗೆ ಮೀಟರ್ ಓದಿ ಲೆಕ್ಕ ಮಾಡಿ, ಜಾಸ್ತಿ ಕಟ್ಟಿದ್ದರೆ ವಾಪಸ್, ಕಮ್ಮಿ ಕಟ್ಟಿದ್ದರೆ ಬಾಕಿ. ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಂದೇ ಮೊತ್ತ ಹೋಗುತ್ತಿರುತ್ತದೆ. ಹಾಗಾಗಿ ಹನ್ನೆರಡು ತಿಂಗಳು ನಮಗೆ ಏನೂ ತಿಳಿಯುವುದಿಲ್ಲ.

2020ರ ನವೆಂಬರ್‌ನಲ್ಲಿ ಪತ್ರ ಬಂತು. 3,700 ಯೂನಿಟ್. ಬಾಕಿ 486 ಯೂರೊ. ಮುಂದಿನ ತಿಂಗಳಿಂದ 62ರ ಬದಲು 103.

ನಾವಿಬ್ಬರೂ ಊಟದ ಟೇಬಲ್ ಮೇಲೆ ಆ ಹಾಳೆ ಇಟ್ಟುಕೊಂಡು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಪ್ಪಿರಬಹುದು ಅಂತ ಇಬ್ಬರಿಗೂ ಒಂದು ಸಲಕ್ಕೂ ಹೊಳೆಯಲಿಲ್ಲ. ನಮ್ಮಿಂದ ಏನು ತಪ್ಪಾಯ್ತು ಅಂತ ಹುಡುಕಿದೆವು. ಇಲ್ಲಿನವರು ಇಷ್ಟು ಅಡುಗೆ ಮಾಡಲ್ಲ, ನಾವು ಮೂರು ಹೊತ್ತೂ ಒಲೆ ಹಚ್ಚುತ್ತೇವೆ, ಅದಕ್ಕೇ ಇರಬೇಕು ಅಂದರು ನನ್ನ ಗಂಡ. ನನಗೆ ಗ್ರೈಂಡರ್ ಮೇಲೆ ಅನುಮಾನ. ಹಾಸನದಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದ ಗ್ರೈಂಡರ್ ಅದು. ಮಾರನೇ ದಿನವೇ ಅಟ್ಟಕ್ಕೆ ಹಾಕಿದೆ. ಮಗಳು ಇಡ್ಲಿ ಕೇಳಿದರೆ ಉಪ್ಪಿಟ್ಟು ಮಾಡಿಕೊಟ್ಟೆ. ಸಂಜೆ ಒಂದೇ ಕೋಣೆಯಲ್ಲಿ ಲೈಟ್ ಹಾಕಿಕೊಂಡು ಮೂರೂ ಜನ ಅಲ್ಲೇ ಕೂರುತ್ತಿದ್ದೆವು. 486 ಯೂರೊವನ್ನು ಗಡುವಿಗೆ ನಾಲ್ಕು ದಿನ ಮೊದಲೇ ಕಟ್ಟಿದೆವು.

ಅಷ್ಟೆಲ್ಲ ಮಾಡಿದರೂ 2021ರಲ್ಲಿ ಯೂನಿಟ್ ಇಳಿಯಲಿಲ್ಲ, ಇನ್ನೂ ಸ್ವಲ್ಪ ಏರಿತ್ತು. ಆಗಲೂ ಕಟ್ಟಿದೆವು.

ನನ್ನ ಅಪ್ಪ ಹೀಗೆ ಕಟ್ಟಿದವರಲ್ಲ. ಅಪ್ಪನಿಗೆ ಇವತ್ತಿಗೂ ಅದು ಕೆಇಬಿನೇ. ಮೀಟರ್ ಓದುವವನು ಬಂದು, ಕೈಯಲ್ಲಿದ್ದ ಮಷಿನ್‌ನಿಂದ ಚೀಟಿ ಹರಿದು ಕೊಟ್ಟ ಕೂಡಲೇ ಕನ್ನಡಕ ಹಾಕಿಕೊಂಡು ಜಗಲಿಗೆ ಬರೋರು. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ವ್ಯತ್ಯಾಸ. ಚೀಟಿ ಹಿಡಿದು ಮೀಟರ್ ಬೋರ್ಡ್ ಮುಂದೆ ನಿಂತು ತಾಳೆ ನೋಡೋರು. ಆಮೇಲೆ ಬಾಗಿಲ ಹಿಂದಿನ ತಂತಿಗೆ ಚುಚ್ಚೋರು. ಆ ತಂತಿಯಲ್ಲಿ ಹತ್ತು ವರ್ಷದ ಬಿಲ್ ಇದ್ದವು. ಒಂದು ಸಲ ರೀಡಿಂಗ್ ತಪ್ಪು ಬಿದ್ದಾಗ ತಂತಿಯಿಂದ ಮೂರು ತಿಂಗಳ ಚೀಟಿ ಬಿಡಿಸಿಕೊಂಡು ಆಫೀಸಿಗೆ ಹೋಗಿ ಸರಿ ಮಾಡಿಸಿಕೊಂಡು ಬಂದಿದ್ದರು. ಅಂಥವರ ಮಗಳು ನಾನು. ವಿಮಾನ ಹತ್ತಿದ ಮೇಲೆ ಆ ಅಭ್ಯಾಸ ಎಲ್ಲಿ ಹೋಯ್ತು?

ಹೆದರಿಕೆ ತಿಂದು ಹಾಕಿತು, ಅಷ್ಟೇ. ಭಾಷೆ ಅರ್ಧ ಅರ್ಥವಾಗುತ್ತದೆ. ಪತ್ರದ ಮೇಲೆ ಮೊಹರು, ದಪ್ಪ ಅಕ್ಷರದಲ್ಲಿ ಗಡುವು. ಜಗಳ ತೆಗೆದರೆ ವೀಸಾಗೆ ತೊಂದರೆ ಆಗುತ್ತೇನೋ, ಷೂಫಾದಲ್ಲಿ ಹೆಸರು ಕೆಡುತ್ತೇನೋ, ಮುಂದೆ ಮನೆ ಸಿಗಲ್ವೇನೋ ಅಂತ ಅಳುಕು. ಷೂಫಾ ಅಂದರೆ ಸಾಲ, ಬಾಕಿಗಳ ದಾಖಲೆ ಇಡುವ ಸಂಸ್ಥೆ. ಬರವಣಿಗೆಯಲ್ಲಿ ತಕರಾರು ಹಾಕಿದ ಬಾಕಿಯನ್ನು ಹಾಗೆಲ್ಲ ಅಲ್ಲಿಗೆ ವರದಿ ಮಾಡುವ ಹಾಗಿಲ್ಲ ಅಂತ ಆಗ ನಮಗೆ ಯಾರೂ ಹೇಳಿರಲಿಲ್ಲ.

2022ರ ಏಪ್ರಿಲ್‌ನಲ್ಲಿ ಎದುರು ಮನೆಯ ಅಜ್ಜಿಯ ಜೊತೆ ಮೆಟ್ಟಿಲು ಗುಡಿಸುತ್ತಿದ್ದೆ. ಇಲ್ಲಿ ಸ್ಟುಟ್‌ಗಾರ್ಟ್ ಕಡೆ ವಾರಕ್ಕೊಬ್ಬರ ಪಾಳಿ ಇರುತ್ತದೆ, ಕೆಹ್‌ರ್‌ವೋಖೆ ಅಂತಾರೆ. ಮಾತಿಗೆ ಮಾತು ಬಂದು ಕರೆಂಟ್ ಬಿಲ್ ಹೇಳಿದೆ. ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಬಿಲ್ ತಗೊಂಡು ಬಾ" ಅಂದರು. ಸೀದಾ ಕೆಲ್ಲರ್‌ಗೆ, ಅಂದರೆ ನೆಲಮಾಳಿಗೆಗೆ ಕರೆದುಕೊಂಡು ಹೋದರು.

ಹಳೇ ಸೈಕಲ್, ಒಣಗಲು ಹಾಕಿದ ಬಟ್ಟೆ, ಅದರ ಹಿಂದೆ ಒಂದು ಕಬ್ಬಿಣದ ಬಾಗಿಲು. ಒಳಗೆ ಸಾಲಾಗಿ ಎಂಟು ಕಪ್ಪು ಮೀಟರ್‌ಗಳು. ಮೊಬೈಲ್ ಟಾರ್ಚ್ ಹಾಕಿದೆ. ಧೂಳು ಒರೆಸಿ ಅಜ್ಜಿ ಒಂದೊಂದೇ ನಂಬರ್ ಓದಿದರು, ನಾನು ಬಿಲ್ ನೋಡುತ್ತಾ ಹೋದೆ. ಬಿಲ್‌ನಲ್ಲಿದ್ದ ನಂಬರ್ ಆರನೆಯದರ ಮೇಲಿತ್ತು. ಆಮೇಲೆ ಅಜ್ಜಿ ನನ್ನನ್ನು ಮೇಲೆ ಕಳಿಸಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿದರು. ಕೆಳಗೆ ಬಂದು ನೋಡಿದರೆ ಆರನೆಯ ಮೀಟರಿನ ಚಕ್ರ ತಿರುಗುತ್ತಲೇ ಇತ್ತು. ನಿಂತಿದ್ದು ಐದನೆಯದು.

ಎರಡೂವರೆ ವರ್ಷ ನಾವು ಕೆಳಗಿನ ಮನೆಯ ಕರೆಂಟಿಗೆ ದುಡ್ಡು ಕಟ್ಟಿದ್ದೆವು. ಅಲ್ಲಿ ಐದು ಜನ, ಬಟ್ಟೆ ಒಣಗಿಸುವ ಮಷಿನ್ ಬೇರೆ. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ತಲೆಗೆ ಮೊದಲು ಬಂದದ್ದು ದುಡ್ಡಲ್ಲ, ಅಟ್ಟದ ಮೇಲಿದ್ದ ಗ್ರೈಂಡರ್.

ಫೋಟೊಗಳ ಸಮೇತ ಕಂಪನಿಗೆ ಪತ್ರ ಬರೆದೆವು. ಅಜ್ಜಿ ಸಾಕ್ಷಿ ಹಾಕಿದರು. ಐದು ತಿಂಗಳು ಹಿಡಿಯಿತು. ಸುಮಾರು 1,100 ಯೂರೊ ವಾಪಸ್ ಬಂತು. ಇಂಥ ತಪ್ಪು ಎಷ್ಟು ಹಿಂದಿನದು ಅಂತ ತೋರಿಸಲು ಆದರೆ ಮೂರು ವರ್ಷದವರೆಗೆ ಲೆಕ್ಕ ಸರಿ ಮಾಡಬೇಕು ಅಂತ ಇಲ್ಲಿ ನಿಯಮವಿದೆ.

ಕೆಳಗಿನ ಮನೆಯವರೂ ಹೊರದೇಶದಿಂದ ಬಂದವರೇ. ಅವರಿಗೆ ಬಾಕಿ ಬಿಲ್ ಹೋಯಿತು. ಆ ಮನೆಯಾಕೆ ಬಂದು ಬಾಗಿಲಲ್ಲಿ ನಿಂತು, "ನಮಗೆ ಬಿಲ್ ಕಮ್ಮಿ ಬರ್ತಿತ್ತು, ಒಳ್ಳೇದೇ ಆಯ್ತು ಅಂದುಕೊಂಡಿದ್ದೆವು" ಅಂದರು. ಅವರದ್ದೇನು ತಪ್ಪು? ಅವರಿಗೂ ಯಾರೋ ಒಂದು ಚೀಟಿ ಬರೆದುಕೊಟ್ಟಿದ್ದರು. ಕಂತಿನಲ್ಲಿ ಕಟ್ಟಲು ಕೇಳಿ ಅಂತ ಅಜ್ಜಿಯೇ ಪತ್ರ ಬರೆದುಕೊಟ್ಟರು. ಕಂಪನಿಯವರು ಒಪ್ಪಿದರು ಅಂತ ಗೊತ್ತಾದಾಗ ನನಗೂ ನಿರಾಳವಾಯಿತು.

ಆಮೇಲೆ ನಾನು ಈ ವಿಷಯ ಓದಲು ಕೂತೆ. ಮಾಲೀಕರು ವರ್ಷಕ್ಕೊಮ್ಮೆ ಕೊಡುವ ನೆಬೆನ್‌ಕೋಸ್ಟೆನ್ ಲೆಕ್ಕ, ಅಂದರೆ ನೀರು, ಕಸ, ಹೀಟಿಂಗ್‌ನ ಲೆಕ್ಕ, ಆ ವರ್ಷ ಮುಗಿದು ಹನ್ನೆರಡು ತಿಂಗಳೊಳಗೆ ನಮ್ಮ ಕೈ ಸೇರಬೇಕು. ತಡವಾದದ್ದು ಅವರ ತಪ್ಪಿನಿಂದ ಆಗಿದ್ದರೆ ಬಾಕಿ ಕೇಳುವಂತಿಲ್ಲ. ಲೆಕ್ಕ ಕೈಗೆ ಬಂದ ಮೇಲೆ ಆಕ್ಷೇಪ ಹೇಳಲು ನಮಗೂ ಹನ್ನೆರಡು ತಿಂಗಳು ಇದೆ. ಅದರ ಹಿಂದಿರುವ ರಸೀದಿಗಳನ್ನು ತೋರಿಸಿ ಅಂತ ಕೇಳುವ ಹಕ್ಕೂ ಇದೆ. ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿನವರು ಕೇಳುತ್ತಲೇ ಇರುತ್ತಾರೆ.

ಟಿವಿ, ರೇಡಿಯೊ ಶುಲ್ಕದ್ದು ಇನ್ನೊಂದು ಕಥೆ. ತಿಂಗಳಿಗೆ 18.36 ಯೂರೊ, ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಬೇಕು. 2013ರಿಂದ ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಆದರೆ ಪತ್ರ ಮಾತ್ರ ವಿಳಾಸ ನೋಂದಾಯಿಸಿದ ಎಲ್ಲರ ಹೆಸರಿಗೂ ಬರುತ್ತದೆ. ನಮ್ಮೂರ ಮೂರು ಹುಡುಗರು ಒಂದೇ ಮನೆಯಲ್ಲಿದ್ದು ಮೂರೂ ಜನ ಕಟ್ಟುತ್ತಿದ್ದರು! ಒಬ್ಬ ಕಟ್ಟುತ್ತಿದ್ದರೆ ಅವನ ಶುಲ್ಕದ ಖಾತೆಯ ನಂಬರನ್ನು ಮಿಕ್ಕವರು ಬರೆದು ಕಳಿಸಿದರೆ ಸಾಕು.

ಯುಕ್ರೇನ್ ಯುದ್ಧದ ನಂತರ ದರ ಏರಿದಾಗ ಎಷ್ಟೋ ಮನೆಗಳ ಮುಂಗಡ ರಾತ್ರೋರಾತ್ರಿ ಏರಿತು. 2023ರಲ್ಲಿ ಸರ್ಕಾರ ಮಿತಿ ಹಾಕಿತು. ಮನೆಗಳಿಗೆ ಅಂದಾಜು ಬಳಕೆಯ ಶೇಕಡಾ 80ರಷ್ಟಕ್ಕೆ ಯೂನಿಟ್ಟಿಗೆ 40 ಸೆಂಟ್. ಆ ಅಂದಾಜು ಹಳೇ ಬಳಕೆಯ ಲೆಕ್ಕದ ಮೇಲೆ ನಿಂತಿದ್ದು. ನಮ್ಮ ಮೀಟರ್ ಗೊಂದಲ ಹಿಂದಿನ ವರ್ಷವೇ ಬಗೆಹರಿಯದೆ, ಏರಿದ ದರದಲ್ಲಿ ಬಾಕಿ ಬೆಳೆಯುತ್ತಾ ಹೋಗಿದ್ದರೆ ಕೆಳಮನೆಯವರ ಗತಿ ಏನಾಗುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ನನಗೆ ಕೋಪ ಇರುವುದು ನಮ್ಮವರ ಮೌನದ ಮೇಲೆ. ಹೊಸದಾಗಿ ಬಂದವರಿಗೆ ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ ಹೇಳುತ್ತೇವೆ. ಯುಗಾದಿಗೆ ಕರೆಯುತ್ತೇವೆ. ಬಿಲ್ ಮಾತು ಬಂದರೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇವೆ. ಬಾಕಿ ಬಂತು ಅಂದರೆ ಮರ್ಯಾದೆ ಹೋದ ಹಾಗೆ. ನಮ್ಮ ಗುಂಪಿನಲ್ಲಿ ನನ್ನ ಕಥೆ ಹೇಳಿದ ದಿನ ಆರು ಮನೆಯವರು "ನಮಗೂ ಹೀಗೇ ಬಂದಿತ್ತು, ಸುಮ್ನೆ ಕಟ್ಟಿಬಿಟ್ವಿ" ಅಂದರು. ಒಬ್ಬರೂ ಅದಕ್ಕೆ ಮೊದಲು ಬಾಯಿ ಬಿಟ್ಟಿರಲಿಲ್ಲ. ಯಾರಾದರೂ ಒಬ್ಬರು ಹೇಳಿದ್ದರೆ ನಾನು ಆವತ್ತೇ ಕೆಲ್ಲರ್‌ಗೆ ಇಳಿಯುತ್ತಿದ್ದೆ, ಅಲ್ವಾ?

ಕಟ್ಟಬೇಡಿ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕಿನಿಂದ ತಾನಾಗೇ ಕಡಿತವಾದ ದುಡ್ಡನ್ನು ಎಂಟು ವಾರದೊಳಗೆ ವಾಪಸ್ ಎಳೆಯಬಹುದು ನಿಜ. ಆದರೆ ಕೊಡಬೇಕಾದ್ದನ್ನು ಹಾಗೆ ಎಳೆದರೆ ಮೇಲಿಂದ ಮೇಲೆ ನೋಟಿಸ್ ಬರುತ್ತದೆ, ಖರ್ಚೂ ಸೇರುತ್ತದೆ. ಲೆಕ್ಕ ನೋಡಿ ಕಟ್ಟಿ. ಮನೆಗೆ ಕಾಲಿಟ್ಟ ದಿನವೇ ಮಾಲೀಕರ ಜೊತೆ ನಿಂತು ಮೀಟರ್ ನಂಬರ್, ರೀಡಿಂಗ್ ಎರಡರ ಫೋಟೊ ತೆಗೆಯಿರಿ. ಮನೆ ಒಪ್ಪಿಸುವ ಕಾಗದದಲ್ಲಿ ಅದನ್ನು ಬರೆಸಿ, ಇಬ್ಬರೂ ಸಹಿ ಹಾಕಿ. ಪತ್ರ ಅರ್ಥವಾಗದಿದ್ದರೆ ಬಾಡಿಗೆದಾರರ ಸಂಘ ಇದೆ, ಗ್ರಾಹಕರ ಸಲಹಾ ಕೇಂದ್ರ ಇದೆ. ನಾವೂ ಇದ್ದೇವೆ.

ಶನಿವಾರ ಆ ಹುಡುಗಿಯ ಮನೆಗೆ ಹೋಗಿದ್ದೆ. ಕೆಲ್ಲರ್‌ನ ಕೀಲಿ ಹುಡುಕಲು ಅರ್ಧ ಗಂಟೆ ಬೇಕಾಯಿತು. ನಂಬರ್ ಸರಿಯಾಗಿತ್ತು. ರೀಡಿಂಗ್ ಕೂಡ ಸರಿಯಾಗಿತ್ತು. ಮತ್ತೆ ಮನೆಯೊಳಗೆ ಬಂದು ಹುಡುಕಿದರೆ ಸ್ನಾನದ ಮನೆಯಲ್ಲಿ ನೀರು ಕಾಯಿಸುವುದು ಕರೆಂಟಿನಿಂದ. ಒಪ್ಪಂದದಲ್ಲಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದಕ್ಕೇ ಮುಂಗಡ ಕಮ್ಮಿ ಇತ್ತು. 412 ಯೂರೊ ಅವಳು ಉರಿಸಿದ ಕರೆಂಟಿನದೇ.

ಟೇಬಲ್ ಮುಂದೆ ಕೂತು ನನ್ನೆದುರಿಗೇ ಕಟ್ಟಿದಳು. ಈ ಸಲ ಕೈ ನಡುಗಲಿಲ್ಲ. ನಾನು ಹೊರಡುವಾಗ ಮೊಬೈಲ್‌ನಲ್ಲಿ ಮೀಟರಿನ ಫೋಟೊ ಮತ್ತೊಮ್ಮೆ ತೆಗೆದು ನೋಡಿದಳು. "ಒಂದನೇ ತಾರೀಖಿಗೊಮ್ಮೆ ಕೆಳಗಿಳಿದು ಫೋಟೊ ತೆಗಿತೀನ್ರಿ ಅಕ್ಕಾ, ನಿಮಗೂ ಕಳಸ್ತೀನಿ" ಅಂದಳು.