ಗಾಡ್ಜಿಲ್ಲಾ ಬಂದಾಗ ಶಿಳ್ಳೆ ಹೊಡೆಯಬೇಕಾ?

ಬೇಸಿಗೆ ರಜೆಗೆ ಅಕ್ಕ, ಭಾವ, ಮಕ್ಕಳು ಊರಿಂದ ಟೋಕಿಯೋಗೆ ಬಂದಿದ್ದರು. ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ನೋಡಬೇಕಿದ್ದದ್ದು ಶಿಂಜುಕುದ ಗಾಡ್ಜಿಲ್ಲಾ ತಲೆ, ಜಪಾನಿ ಸಿನಿಮಾದ ಆ ದೈತ್ಯ ಮೃಗದ್ದು. 2015ರಿಂದ ಅದು ಕಬುಕಿಚೋದ ಸಿನಿಮಾ ಕಟ್ಟಡದ ಮೇಲೆ ನಿಂತು ಕೆಳಗಿನ ಜನರನ್ನು ಇಣುಕಿ ನೋಡುತ್ತಿದೆ. ಫೋಟೋ ಆಯಿತು, ಐಸ್‌ಕ್ರೀಮ್ ಆಯಿತು. ರಾತ್ರಿ ಊಟ ಮುಗಿಸಿ ನಾನೇ ಉತ್ಸಾಹದಲ್ಲಿ 1954ರ ಮೊದಲ ಗಾಡ್ಜಿಲ್ಲಾ ಚಿತ್ರ ಹಾಕಿದೆ. ಕಪ್ಪು ಬಿಳುಪು. ಇಪ್ಪತ್ತು ನಿಮಿಷ ಹೇಗೋ ಕೂತರು. ಗುಡ್ಡದ ಆಚೆಯಿಂದ ಅದರ ತಲೆ ಮೇಲೆದ್ದದ್ದೇ ತಡ, ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಂತ ಮಾರಾಯ ಇದು, ರಬ್ಬರ್ ಹಲ್ಲಿ! ಬುಲೆಟ್ ಟ್ರೈನ್ ಮಾಡಿದ ಜನ ಇದಕ್ಕೆ ಹೆದರಿದ್ರಾ?” ಮಕ್ಕಳು ಅಷ್ಟರಲ್ಲಿ ಮೊಬೈಲ್ ಹಿಡಿದಾಗಿತ್ತು.

ನನಗೆ ಚುರುಕ್ ಅಂತು. ಮನೆಗೆ ಬಂದವರ ಎದುರು ಏನು ಹೇಳೋದು ಅಂತ ಸುಮ್ಮನಾದೆ. ಈಗ ಹೇಳ್ತೀನಿ.

ಇದೇ ಚಿತ್ರವನ್ನು ನಾನು ಇಲ್ಲಿನ ಥಿಯೇಟರಿನಲ್ಲಿ ನೋಡಿದ್ದು 2024ರಲ್ಲಿ, ಅದಕ್ಕೆ 70 ವರ್ಷ ತುಂಬಿದಾಗ. ಪಕ್ಕದ ಸೀಟಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ತಲೆ ಗುಡ್ಡದ ಮೇಲೆ ಬಂತು. ಯಾರೂ ನಗಲಿಲ್ಲ. ಟೋಕಿಯೋ ಉರಿಯುವಾಗ ಒಬ್ಬ ತಾಯಿ ಕಟ್ಟಡದ ಬುಡದಲ್ಲಿ ಮಕ್ಕಳನ್ನು ತಬ್ಬಿಕೊಂಡು ಕೂತಿರುತ್ತಾಳೆ. ಓಡುವ ಯೋಚನೆಯೇ ಅವಳಿಗಿಲ್ಲ. ಇನ್ನು ಸ್ವಲ್ಪ ಹೊತ್ತು, ಅಪ್ಪನ ಹತ್ತಿರ ಹೋಗಿಬಿಡ್ತೀವಿ ಅಂತ ಮಕ್ಕಳನ್ನು ಸಮಾಧಾನ ಮಾಡುತ್ತಾಳೆ. ಅಪ್ಪನಿಗೆ ಏನಾಯಿತು ಅಂತ ಚಿತ್ರ ಬಿಡಿಸಿ ಹೇಳುವುದಿಲ್ಲ. 1954ರಲ್ಲಿ ನೋಡಿದವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿ ಬ್ಯಾಗಿನಿಂದ ಚಿಕ್ಕ ಕರ್ಚೀಫ್ ತೆಗೆದು, ಮಡಿಕೆ ಬಿಚ್ಚದೆ, ಹಾಗೇ ಕಣ್ಣಿಗೆ ಒತ್ತಿಕೊಂಡರು. 1945ರ ಮಾರ್ಚ್ 10ರಂದು ಒಂದೇ ರಾತ್ರಿಯಲ್ಲಿ ಬಾಂಬಿನ ಬೆಂಕಿಗೆ ಸುಮಾರು ಒಂದು ಲಕ್ಷ ಜನ ಸತ್ತ ಊರು ಇದು. ಒಂಬತ್ತು ವರ್ಷ ಕಳೆದ ಮೇಲೆ ಅದೇ ಊರು ತೆರೆಯ ಮೇಲೆ ಮತ್ತೆ ಉರಿಯಿತು. ದುಡ್ಡು ಕೊಟ್ಟು ಅದನ್ನು ನೋಡಿ ಬಂದವರು 96 ಲಕ್ಷ ಜನ.

ನಿರ್ದೇಶಕ ಇಶಿರೊ ಹೊಂಡಾ ಯುದ್ಧದಲ್ಲಿ ಸೈನಿಕನಾಗಿದ್ದವರು. ಚೀನಾದಿಂದ ವಾಪಸ್ ಬರುವಾಗ ಹಿರೋಶಿಮಾವನ್ನು ಕಣ್ಣಾರೆ ಕಂಡವರು. ಹಲ್ಲಿ ಎಲ್ಲಿಂದ ಬಂತು ಅಂತ ಕೇಳಿದರೆ ಅಲ್ಲಿಂದ ಬಂತು ಅನ್ನಬೇಕು.

ಇನ್ನೊಂದು ಕಡೆಯಿಂದಲೂ ಬಂತು. ನಾನಿರುವುದು ನಿಶಿ-ಕಸಾಯ್. ನಮ್ಮವರು ಜಾಸ್ತಿ ಇರುವ ಏರಿಯಾ, ಕರಿಬೇವು, ಉದ್ದಿನಬೇಳೆಗೆ ಪರದಾಟವಿಲ್ಲ. ಅರಾಕಾವಾ ಹೊಳೆ ದಾಟಿ ಹೋದರೆ ಯುಮೆನೊಶಿಮಾ ಸಿಗುತ್ತದೆ. ಹಿಂದೆ ಊರಿನ ಕಸ ತುಂಬಿ ಮಾಡಿದ ನೆಲ, ಈಗ ಪಾರ್ಕು. ಅಲ್ಲೊಂದು ಎತ್ತರದ ಶೆಡ್ಡಿನೊಳಗೆ ‘ಡೈಗೊ ಫುಕುರ್ಯು ಮಾರು’ ಅನ್ನುವ ಮರದ ಮೀನುಗಾರಿಕೆ ಹಡಗು ಇದೆ. ಮೂವತ್ತು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ನಮ್ಮ ಕಾರವಾರದ ಬಂದರಿನಲ್ಲಿ ನಿಲ್ಲಿಸಿದರೆ ಯಾರೂ ತಿರುಗಿ ನೋಡದಷ್ಟು ಸಾಧಾರಣ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಈ ಹಡಗಿನ 23 ಜನ ಟ್ಯೂನಾ ಹಿಡಿಯುತ್ತಿದ್ದರು. ಬೆಳಗಿನ ಜಾವ ಪಶ್ಚಿಮದ ಆಕಾಶ ಬೆಳಗಿತು. ಆಮೇಲೆ ಮೈಮೇಲೆ ಬಿಳಿ ಬೂದಿ ಬಿತ್ತು. ರೇಡಿಯೋ ಆಪರೇಟರ್ ಐಕಿಚಿ ಕುಬೋಯಾಮ ಅದೇ ಸೆಪ್ಟೆಂಬರ್ 23ಕ್ಕೆ ತೀರಿಕೊಂಡರು. ಬಾಂಬಿಗೆ ಸಾಯುವವರಲ್ಲಿ ನಾನೇ ಕೊನೆಯವನಾಗಲಿ ಅಂತ ಅವರು ಹೇಳಿದ್ದನ್ನು ಅಲ್ಲೇ ಕಲ್ಲಿನಲ್ಲಿ ಕೆತ್ತಿದ್ದಾರೆ.

ಗಾಡ್ಜಿಲ್ಲಾ ಬಿಡುಗಡೆಯಾದದ್ದು ನವೆಂಬರ್ 3ಕ್ಕೆ. ಅದರ ಮೊದಲ ದೃಶ್ಯದಲ್ಲಿ ಒಂದು ಹಡಗು. ಡೆಕ್ ಮೇಲೆ ಹುಡುಗರು ಗಿಟಾರ್ ಹಿಡಿದು ಆರಾಮಾಗಿ ಕೂತಿದ್ದಾರೆ. ಇದ್ದಕ್ಕಿದ್ದಂತೆ ಸಮುದ್ರ ಬೆಳಗುತ್ತದೆ. ರೇಡಿಯೋ ಆಪರೇಟರ್ ಕೊನೆಯ ಕ್ಷಣದವರೆಗೂ ಸಂದೇಶ ಬಡಿಯುತ್ತಲೇ ಇರುತ್ತಾನೆ. ಕುಬೋಯಾಮ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ಆ ಥಿಯೇಟರಿನಲ್ಲಿ ಕೂತಿದ್ದವರಿಗೆ ಇದು ಯಾರ ಕಥೆ ಅಂತ ವಿವರಿಸಬೇಕಿತ್ತಾ? ವಿಕಿರಣ ತಗುಲಿದ ಟ್ಯೂನಾ ಅಂತ ಮೀನು ತಿನ್ನುವುದನ್ನೇ ಜನ ಬಿಟ್ಟ ವರ್ಷ ಅದು.

ಇದೇ ಚಿತ್ರ 1956ರಲ್ಲಿ ಅಮೆರಿಕದ ಥಿಯೇಟರುಗಳಿಗೆ ಹೋಯಿತು. 96 ನಿಮಿಷದ್ದು 80 ನಿಮಿಷವಾಗಿತ್ತು. ಅಷ್ಟರೊಳಗೇ ರೇಮಂಡ್ ಬರ್ ಅನ್ನುವ ಅಮೆರಿಕನ್ ನಟನನ್ನು ಪತ್ರಕರ್ತನಾಗಿ ತೂರಿಸಿದ್ದರು. ಊರು ಉರಿಯುವುದನ್ನು ಆತ ಕಿಟಕಿಯಿಂದ ನೋಡಿ ವರದಿ ಒಪ್ಪಿಸುತ್ತಾನೆ. ಮೂಲದಲ್ಲಿ ರೈಲಿನಲ್ಲಿ ಹೋಗುವ ಹೆಂಗಸೊಬ್ಬಳು ನಾಗಾಸಾಕಿಯಿಂದ ಜೀವ ಉಳಿಸಿಕೊಂಡು ಬಂದದ್ದು ಇದಕ್ಕೇನಾ ಅಂತ ಗೊಣಗುತ್ತಾಳೆ. ಆ ಮಾತು ಮಾಯ. ಅಣು ಪರೀಕ್ಷೆ ನಿಲ್ಲದಿದ್ದರೆ ಇನ್ನೊಂದು ಗಾಡ್ಜಿಲ್ಲಾ ಬಂದೀತು ಅನ್ನುವ ಮುದಿ ವಿಜ್ಞಾನಿಯ ಕೊನೆಯ ಮಾತೂ ಮಾಯ. ಅದರ ಬದಲು ಪ್ರಪಂಚ ಇನ್ನು ನೆಮ್ಮದಿಯಾಗಿ ಬದುಕಬಹುದು ಅನ್ನುವ ಸಮಾಧಾನ. 2014ರ ಹಾಲಿವುಡ್ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೆಸಿಫಿಕ್‌ನಲ್ಲಿ ಬಾಂಬ್ ಸಿಡಿಸಿದ್ದು ಪರೀಕ್ಷೆಗಲ್ಲವಂತೆ, ಆ ಮೃಗವನ್ನು ಕೊಲ್ಲೋದಕ್ಕಂತೆ! ಯಾವ ಬಾಂಬು ಅದನ್ನು ಎಬ್ಬಿಸಿತೋ ಅದೇ ಬಾಂಬಿಗೆ ಒಳ್ಳೆಯ ಹೆಸರು. ಕಥೆ ತಿರುಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಅಮೆರಿಕದವರಿಗಾದರೂ ಮುಚ್ಚಿಡಲು ಕಾರಣವಿತ್ತು. ನಮಗೇನಿತ್ತು?

1998ರಲ್ಲಿ ಹಾಲಿವುಡ್ಡಿನ ಗಾಡ್ಜಿಲ್ಲಾ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಓದುತ್ತಿದ್ದೆ. ಆ ಚಿತ್ರದಲ್ಲಿ ತಪ್ಪು ಫ್ರಾನ್ಸಿನವರ ಅಣು ಪರೀಕ್ಷೆಯದ್ದು. ಹಾಸ್ಟೆಲ್ಲಿನವರೆಲ್ಲ ಸೇರಿ ಹೋಗಿದ್ದೆವು. ಅದರ ಕಾಲು ನ್ಯೂಯಾರ್ಕಿನ ಟ್ಯಾಕ್ಸಿ ಮೇಲೆ ಬಿದ್ದಾಗ ಎಂಥ ಶಿಳ್ಳೆ! ಪಕ್ಕದವನ ಮಾತು ಪಕ್ಕದವನಿಗೆ ಕೇಳಿಸುತ್ತಿರಲಿಲ್ಲ. ಅದೇ ವರ್ಷ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ನಾವೂ ಬಾಂಬ್ ಸಿಡಿಸಿದ್ದೆವು. ಬೀದಿಯಲ್ಲಿ ಪೇಡಾ ಹಂಚಿದ್ದರು, ನಾನೂ ತಿಂದಿದ್ದೆ. ಆ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು ಸರಿಯಾಗಿ ಒಂದು ವಾರದ ನಂತರ, ಮೇ 20ಕ್ಕೆ. ಬಾಂಬ್ ಪರೀಕ್ಷೆ ಮಾಡಿದ್ದಕ್ಕೆ ಹುಟ್ಟಿದ ಮೃಗವನ್ನು ನೋಡಿ ಶಿಳ್ಳೆ ಹೊಡೆದ ನಮ್ಮಲ್ಲಿ ಒಬ್ಬನಿಗೂ ಎರಡನ್ನೂ ಜೋಡಿಸಬೇಕು ಅನ್ನಿಸಲಿಲ್ಲ. ಮೇಷ್ಟ್ರಿಗೂ ಅನ್ನಿಸಲಿಲ್ಲ, ಪೇಪರಿನವರಿಗೂ ಅನ್ನಿಸಿದ್ದು ನನಗೆ ನೆನಪಿಲ್ಲ. ನಮಗೆ ಅದೊಂದು ಫೈಟು. ದೊಡ್ಡ ಫೈಟು, ಅಷ್ಟೇ.

(ಆ 1998ರ ಪ್ರಾಣಿಯನ್ನು ಇಲ್ಲಿನವರು ಗಾಡ್ಜಿಲ್ಲಾ ಅಂತ ಒಪ್ಪಿಕೊಂಡೇ ಇಲ್ಲ. 2004ರ ಜಪಾನಿ ಚಿತ್ರದಲ್ಲಿ ಅದನ್ನು ಸಿಡ್ನಿಗೆ ಕರೆಸಿ, ಅಸಲಿ ಗಾಡ್ಜಿಲ್ಲಾನಿಂದ ಕೆಲವೇ ಸೆಕೆಂಡುಗಳಲ್ಲಿ ಮುಗಿಸಿಹಾಕಿದರು. ಜಪಾನಿಗಳು ಸಿಟ್ಟು ತೋರಿಸುವುದಿಲ್ಲ ಅನ್ನುವವರು ಅದನ್ನೊಮ್ಮೆ ನೋಡಬೇಕು.)

ಇನ್ನು ರಬ್ಬರಿನ ವಿಷಯ. ಅದರ ಒಳಗಿದ್ದವರು ಹರುವೊ ನಕಾಜಿಮಾ ಅನ್ನುವ ನಟ. ಮೊದಲ ವೇಷದ ತೂಕವೇ ನೂರು ಕೇಜಿ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸುಸ್ತು, ಬಿಚ್ಚಿದರೆ ಬೆವರು ಸುರಿಯುತ್ತಿತ್ತು. ನಡಿಗೆ ಕಲಿಯಲು ಅವರು ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ತಂತ್ರಜ್ಞ ಎಯಿಜಿ ತ್ಸುಬುರಾಯಾ ಊರನ್ನೆಲ್ಲ 25ನೇ ಒಂದು ಅಳತೆಯಲ್ಲಿ ಕಟ್ಟಿ, ಕ್ಯಾಮೆರಾ ವೇಗ ಹೆಚ್ಚಿಸಿ ತೆಗೆದರು. ತೆರೆಯ ಮೇಲೆ ಚಲನೆ ನಿಧಾನವಾಗಿ, ಪ್ರತಿ ಹೆಜ್ಜೆಗೂ ಭಾರ ಬಂದದ್ದು ಹಾಗೆ. ಅದರ ಕೂಗು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರದ್ದು, ಡಬಲ್ ಬಾಸ್ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದ ತಂತಿಯನ್ನು ಅಂಟು ಸವರಿದ ಚರ್ಮದ ಗ್ಲೋವಿನಿಂದ ಎಳೆದು ಹೊರಡಿಸಿದ್ದು. ಇದಕ್ಕೆ ನಗುವ ನಮ್ಮ ಭಾವ ಯಕ್ಷಗಾನ ಅಂದರೆ ಪ್ರಾಣ ಬಿಡುವವರು. ಬಣ್ಣದ ವೇಷದವರು ಚೌಕಿಯಲ್ಲಿ ತಾಸುಗಟ್ಟಲೆ ಕೂತು ಮುಖ ಬರೆಸಿಕೊಂಡು, ನಡುರಾತ್ರಿ ಚಂಡೆಯ ಅಬ್ಬರದ ಮಧ್ಯೆ ಆರ್ಭಟಿಸುತ್ತಾ ರಂಗಕ್ಕೆ ಬಂದರೆ, ಬಣ್ಣ ಹಚ್ಚಿದ ಹೆಗಡೇರು ಅಂತ ಅಲ್ಲಿ ಯಾರಾದರೂ ನಗ್ತಾರಾ? ಮಕ್ಕಳು ಕಂಬಳಿಯೊಳಗೆ ಮುಖ ಹುದುಗಿಸುತ್ತಾರೆ. ವೇಷವನ್ನು ನಂಬುವುದು ನಮಗೆ ಹುಟ್ಟಿನಿಂದ ಗೊತ್ತು. ಊರಿನದ್ದಾದರೆ ಮಾತ್ರ ನಂಬುತ್ತೇವೆ, ಅಲ್ವಾ?

ನಮಗೂ ಇಲ್ಲಿನವರಿಗೂ ನಿಜವಾಗಿ ಬೇರೆಯಾಗುವುದು ರಾಕ್ಷಸನನ್ನು ಯಾರು ಕೊಲ್ಲುತ್ತಾರೆ ಅನ್ನುವಲ್ಲಿ. ನಮ್ಮಲ್ಲಿ ಹೀರೋ ಬರಲೇಬೇಕು. 1954ರ ಚಿತ್ರದಲ್ಲಿ ಗಾಡ್ಜಿಲ್ಲಾನನ್ನು ಕೊಲ್ಲುವ ವಿಜ್ಞಾನಿ ಸೆರಿಜಾವಾಗೆ ಒಂದು ಕಣ್ಣಿಲ್ಲ, ಮಾತು ಕಡಿಮೆ. ತಾನು ಕಂಡುಹಿಡಿದ ಅಸ್ತ್ರಕ್ಕೆ ತಾನೇ ಹೆದರಿ ಕಾಗದಪತ್ರ ಸುಟ್ಟುಹಾಕಿ, ಸಮುದ್ರದ ತಳದಲ್ಲಿ ಅದನ್ನು ಬಳಸಿ, ತಾನೂ ಅಲ್ಲೇ ಉಳಿಯುತ್ತಾನೆ. ಮೇಲೆ ಹಡಗಿನಲ್ಲಿರುವವರು ಗೆದ್ದ ಖುಷಿಯಲ್ಲಿಲ್ಲ.

2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಂತೂ ಹೀರೋ ಅನ್ನುವವನೇ ಇಲ್ಲ. ಇರುವುದು ಮೀಟಿಂಗು. ಮೃಗ ಕೊಲ್ಲಿಯಲ್ಲಿ ಬಾಲ ಆಡಿಸುತ್ತಿದೆ, ಇಲ್ಲಿ ಇವರು ಒಂದು ಕೋಣೆಯ ಮೀಟಿಂಗ್ ಮುಗಿಸಿ ಫೈಲು ಹಿಡಿದು ಇನ್ನೊಂದು ಕೋಣೆಗೆ ಹೋಗುತ್ತಿದ್ದಾರೆ. ಒಬ್ಬೊಬ್ಬ ಅಧಿಕಾರಿಯ ಹೆಸರು, ಹುದ್ದೆ ತೆರೆಯ ಮೇಲೆ ಉದ್ದಕ್ಕೆ ಬರುತ್ತದೆ, ಓದಿ ಮುಗಿಯುವಷ್ಟರಲ್ಲಿ ಅಧಿಕಾರಿ ಮಾಯ. ಪ್ರಧಾನಿ ಟಿವಿ ಮುಂದೆ ಬಂದು ಅದು ನೆಲಕ್ಕೆ ಬರುವುದಿಲ್ಲ ಅನ್ನುತ್ತಾರೆ. ಅದೇ ಹೊತ್ತಿಗೆ ಅದು ಟೋಕಿಯೋದ ಕಮಾತಾದಲ್ಲಿ ನೆಲ ಮುಟ್ಟಿರುತ್ತದೆ. ಇಲ್ಲಿನ ಕಂಪನಿಯಲ್ಲಿ ಕೆಲಸ ಮಾಡುವ ನನಗೆ ಉಸಿರುಕಟ್ಟುವಷ್ಟು ನಗು ಬಂತು. ನಾವೂ ಮೀಟಿಂಗಿಗೆ ಮುಂಚೆ ಮೀಟಿಂಗ್ ಮಾಡುವವರೇ. ಸುತ್ತಲಿನವರೂ ಸಣ್ಣಗೆ ನಕ್ಕರು. ಆಮೇಲೆ ಆ ಮೃಗ ಹೊಳೆಯ ಒಳಗೆ ನುಗ್ಗಿ ಬಂತು. ಅದರ ಮುಂದೆ ನೂರಾರು ದೋಣಿಗಳು ಒಂದರ ಮೇಲೊಂದು ಏರಿ, ಸೇತುವೆಗೆ ಗುದ್ದಿ, ದಡ ಹತ್ತಿ ಬೀದಿಗೆ ಬಿದ್ದವು. ನಗು ಟಕ್ಕಂತ ನಿಂತಿತು. 2011ರ ಮಾರ್ಚ್ 11ರ ಸುನಾಮಿಯ ವಿಡಿಯೋ ನೋಡಿದವರು ಯಾರೂ ಮುಂದಿನ ಕೆಲವು ನಿಮಿಷ ಪಾಪ್‌ಕಾರ್ನ್ ಮುಟ್ಟಲಿಲ್ಲ. ಕೊನೆಗೆ ಆ ಮೃಗವನ್ನು ನಿಲ್ಲಿಸುವುದು ಕಾಂಕ್ರೀಟ್ ಪಂಪಿನ ಲಾರಿಗಳು. ಫುಕುಶಿಮಾದಲ್ಲಿ ರಿಯಾಕ್ಟರಿಗೆ ನೀರು ಹಾಕಿದ್ದೂ ಅಂಥವೇ ಲಾರಿಗಳು.

ಇದನ್ನು ನೋಡಿ ಬಂದ ರಾತ್ರಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮೂರು ಯಲ್ಲಾಪುರದ ಕಡೆ. ಕೈಗಾ ಅನ್ನುವ ಹೆಸರು ಕೇಳುತ್ತಲೇ ಬೆಳೆದವನು ನಾನು. ಅಲ್ಲಿ ಅಣುಸ್ಥಾವರ ಬೇಡ ಅಂತ ಸಭೆ, ಮೆರವಣಿಗೆ. ಶಿವರಾಮ ಕಾರಂತರು ಮುದಿವಯಸ್ಸಿನಲ್ಲಿ ಬೀದಿಗಿಳಿದರು, ಕೋರ್ಟಿಗೆ ಹೋದರು, 1989ರಲ್ಲಿ ಲೋಕಸಭೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಪದರ ಕುಸಿದುಬಿತ್ತು. ಮನೆಯಲ್ಲಿ ಅಮ್ಮ ಕಾಳಿ ಹೊಳೆಯ ಮೀನು ತರಬಹುದೋ ಬೇಡವೋ ಅಂತ ಪಕ್ಕದ ಮನೆಯವರನ್ನು ಕೇಳುತ್ತಿದ್ದರು. ಇಷ್ಟು ಭಯ ಇದ್ದ ನಾಡಿನಲ್ಲಿ ಕಾಳಿ ಹೊಳೆಯಿಂದ ಒಂದಾದರೂ ಮೃಗ ಎದ್ದು ಬರಬೇಕಿತ್ತು. ನಮ್ಮ ಸಿನಿಮಾದವರು ರೌಡಿಗಳ ಹಿಂದೆ ಬಿದ್ದಿದ್ದರು. ನಮ್ಮ ರಾಕ್ಷಸರೆಲ್ಲ ಪುರಾಣದವರು. ಅವರನ್ನು ಕೊಲ್ಲಲು ದೇವರು ಮೊದಲೇ ಸಿದ್ಧವಾಗಿರುತ್ತಾನೆ. ನಾವೇ ಮಾಡಿಕೊಂಡ ಎಡವಟ್ಟಿಗೆ ಒಂದು ಮುಖ ಕೊಡುವ ಅಭ್ಯಾಸ ನಮಗಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಭೀಕರವಾದದ್ದೇನೂ ಹೊಳೆಯಿಂದ ಎದ್ದು ಬರಲಿಲ್ಲ. ಇತ್ತ ಗಾಡ್ಜಿಲ್ಲಾ ನೋಡಿದ ಜಪಾನೇ ಅತ್ತ 2011ರ ಹೊತ್ತಿಗೆ 54 ರಿಯಾಕ್ಟರ್ ಇಟ್ಟುಕೊಂಡಿತ್ತು. ಅಣುಶಕ್ತಿ ಸಂಶೋಧನೆಗೆ ಜಪಾನಿನ ಸಂಸತ್ತಿನಲ್ಲಿ ಮೊದಲ ಬಜೆಟ್ ಪ್ರಸ್ತಾವ ಬಂದದ್ದು 1954ರ ಮಾರ್ಚ್ 2ಕ್ಕೆ, ಅಂದರೆ ಆ ಹಡಗಿನ ಮೇಲೆ ಬೂದಿ ಬಿದ್ದ ಮರುದಿನ. ಹಡಗಿನ ಸುದ್ದಿ ಆಗಿನ್ನೂ ಊರಿಗೆ ತಲುಪಿರಲಿಲ್ಲ ನಿಜ. ತಲುಪಿದ ಮೇಲೂ ಬಜೆಟ್ ನಿಲ್ಲಲಿಲ್ಲ. 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ಗೆ ಆಸ್ಕರ್ ಬಂತು, ನಾನೂ ಕಣ್ಣೊರೆಸಿಕೊಂಡೆ. ಯುದ್ಧದಲ್ಲಿ ಜಪಾನ್ ಬೇರೆಯವರಿಗೆ ಏನು ಮಾಡಿತು ಅನ್ನುವುದು ಮಾತ್ರ ಅದರಲ್ಲಿ ಬರುವುದಿಲ್ಲ. ತನ್ನ ಗಾಯ ಚೆನ್ನಾಗಿ ಕಾಣುತ್ತದೆ ಎಲ್ಲರಿಗೂ.

ಫೈಟಿನ ವಿಷಯವನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಭಾವ ಹುಡುಕಿ ತೆಗೆಯುತ್ತಾರೆ. 1962ರಲ್ಲಿ ಇದೇ ಹೊಂಡಾ ಗಾಡ್ಜಿಲ್ಲಾಗೂ ಕಿಂಗ್ ಕಾಂಗ್‌ಗೂ ಕುಸ್ತಿ ಹಚ್ಚಿದರು. ಜಪಾನಿನಲ್ಲೇ ಒಂದು ಕೋಟಿಗೂ ಹೆಚ್ಚು ಜನ ನೋಡಿದರು, ಮೊದಲ ಚಿತ್ರಕ್ಕಿಂತ ಜಾಸ್ತಿ. ಆಮೇಲೆ ಅದು ಮಕ್ಕಳ ಗೆಳೆಯನಾಯಿತು, 1965ರಲ್ಲಿ ಎಗರಿ ಎಗರಿ ಕುಣಿಯಿತು, 1973ರಲ್ಲಿ ಬಾಲದ ಮೇಲೆ ಜಾರಿಕೊಂಡು ಬಂದು ಎದುರಾಳಿಯ ಎದೆಗೆ ಒದೆಯಿತು. ನಡುವೆ 1971ರಲ್ಲಿ ಮಾತ್ರ ಕಾರ್ಖಾನೆಯ ಕೊಳೆ ತಿಂದು ಬೆಳೆದ ಹೆಡೋರಾ ಅನ್ನುವ ಮೃಗ ಬಂದು ಸ್ವಲ್ಪ ಬುದ್ಧಿ ಹೇಳಿತು.

ಅಷ್ಟೇ ಅಲ್ಲ, ಶಿಳ್ಳೆಯೂ ಇದೆ ಇಲ್ಲಿ. 2016ರಲ್ಲಿ ‘ಶಿನ್ ಗಾಡ್ಜಿಲ್ಲಾ’ಗೆ ಕೂಗಲು ಅನುಮತಿ ಇರುವ ವಿಶೇಷ ಶೋ ಇಟ್ಟಿದ್ದರು. ಬಣ್ಣದ ದೀಪದ ಕಡ್ಡಿ ಬೀಸಬಹುದು, ಪಾತ್ರಗಳ ಹೆಸರು ಕೂಗಬಹುದು, ವೇಷ ಹಾಕಿಕೊಂಡು ಬರಬಹುದು. ದಿನ, ಗಂಟೆ, ನಿಯಮ ಎಲ್ಲ ಮೊದಲೇ ತಿಳಿಸಿದ್ದರು. ಗದ್ದಲಕ್ಕೂ ಟೈಮ್‌ಟೇಬಲ್! ಊರಿನ ಬಾಲ್ಕನಿ ನೆನಪಾಗಿ ನಾನೂ ಒಂದು ಟಿಕೆಟ್‌ಗೆ ಪ್ರಯತ್ನಪಟ್ಟೆ. ಬುಕಿಂಗ್ ತೆರೆದ ಕೂಡಲೇ ಖಾಲಿಯಾಗಿಬಿಟ್ಟಿತ್ತು.